ಪಿ. ಲಂಕೇಶರೂ ಅವರ ವಾರಪತ್ರಿಕೆಯೂ

ಪತ್ರಿಕೆಯ ಆಯುಷ್ಯ ಅಲ್ಪವಾದದ್ದು. ದಿನಪತ್ರಿಕೆ ಒಂದು ಹಗಲು ಬಾಳುತ್ತದೆ. ವಾರಪತ್ರಿಕೆ ಏಳು ದಿನ ಬಾಳುತ್ತದೆ. ಆಮೇಲೆ ಎರಡೂ ಅಂಗಡಿಯ ಪೊಟ್ಟಣಗಳಾಗಿ ಮನೆಗೆ ಹಿಂದಿರುಗುತ್ತವೆ. ಹೀಗಿದ್ದರೂ ಅಪರೂಪಕ್ಕೆ ಒಂದು ಪತ್ರಿಕೆ ತಾನು ಹುಟ್ಟಿದ ಕಾಲದ ಮಾತನ್ನೂ ನಡೆಯನ್ನೂ ತಿದ್ದಿ, ಆ ಕಾಲ ಸಂದ ಮೇಲೂ ಜನರ ನಾಲಗೆಯ ಮೇಲೆ ಉಳಿಯುವುದುಂಟು. 1980ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಹೊರಟ ‘ಲಂಕೇಶ್ ಪತ್ರಿಕೆ’ ಅಂಥದೊಂದು ಪತ್ರಿಕೆ. ಕಪ್ಪು ಬಿಳುಪಿನ ಮುಖಪುಟ, ಸಾಧಾರಣ ಕಾಗದ, ಜಾಹೀರಾತಿಲ್ಲದ ಪುಟಗಳು: ಇಷ್ಟನ್ನೇ ಬಂಡವಾಳವಾಗಿ ಇಟ್ಟುಕೊಂಡು ಅದು ಎರಡು ದಶಕಗಳ ಕಾಲ ಕನ್ನಡ ನಾಡಿನ ಅಧಿಕಾರಸ್ಥರನ್ನು ಕಾಡಿತು, ಓದುಗರನ್ನು ಬೆಳೆಸಿತು, ಬರೆಹಗಾರರನ್ನು ಹುಟ್ಟಿಸಿತು.

ಆದರೆ ಪತ್ರಿಕೆಯ ಹೆಸರಿನಲ್ಲಿ ಅದರ ಕರ್ತೃವಿನ ಹೆಸರು ಸೇರಿಹೋದಾಗ ಒಂದು ತೊಡಕುಂಟು. ಪತ್ರಿಕೆಯ ಪ್ರಸಿದ್ಧಿ ವ್ಯಕ್ತಿಯನ್ನು ಮರೆಸುತ್ತದೆ. ಇಂದಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಲಂಕೇಶ್ ಎಂದರೆ ಒಂದು ಪತ್ರಿಕೆಯ ಹೆಸರು. ಆ ಪತ್ರಿಕೆ ಎಂದರೆ ಕೆಣಕುವ ಒಂದು ಮುಖಪುಟ. ಮುಖಪುಟದ ಹಿಂದೆ ಒಳಪುಟಗಳಿದ್ದವು. ಒಳಪುಟಗಳ ಹಿಂದೆ, ಪತ್ರಕರ್ತನಾಗುವ ಮೊದಲೇ ಕವಿ, ಕಥೆಗಾರ, ನಾಟಕಕಾರ, ಅನುವಾದಕ, ಚಲನಚಿತ್ರ ನಿರ್ದೇಶಕ ಎನಿಸಿಕೊಂಡಿದ್ದ ಒಬ್ಬ ಇಂಗ್ಲಿಷ್ ಅಧ್ಯಾಪಕರಿದ್ದರು. ಅವರ ಜೀವನವನ್ನು ಮೊದಲಿನಿಂದ ನೋಡಿದರೆ ಮಾತ್ರ ಆ ಮುಖಪುಟದ ಬಲ ಎಲ್ಲಿಂದ ಬಂದಿತೆಂಬುದು ತಿಳಿದೀತು.

ಕೊನಗವಳ್ಳಿಯಿಂದ ಸೆಂಟ್ರಲ್ ಕಾಲೇಜಿಗೆ

ಪಾಳ್ಯದ ಲಂಕೇಶರು ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ. ಮನೆತನ ಬೇಸಾಯದ್ದು. ಹೊಲ, ದನ, ಮಳೆ, ಸಾಲ, ಸಂತೆ ಇವುಗಳ ನಡುವೆ ಬೆಳೆದ ಹುಡುಗನಿಗೆ ಮಾತು ಬಂದದ್ದು ಪುಸ್ತಕದಿಂದಲ್ಲ. ಬಯಲಿನಲ್ಲಿ ದುಡಿಯುವವರ ಬಾಯಿಂದ. ಮುಂದೆ ಅವರು ಬರೆದ ‘ಅವ್ವ’ ಎಂಬ ಕವನ ಕನ್ನಡದಲ್ಲಿ ತಾಯಿಯನ್ನು ಕುರಿತು ಬರೆಯುವ ರೀತಿಯನ್ನೇ ಬದಲಿಸಿತು. ಅದುವರೆಗೆ ಕಾವ್ಯದ ತಾಯಿ ಬಹುಮಟ್ಟಿಗೆ ತ್ಯಾಗದ ಮೂರ್ತಿ, ಪೂಜೆಯ ವಸ್ತು. ಲಂಕೇಶರ ಅವ್ವ ದುಡಿದು, ಬೈದು, ಜಗಳವಾಡಿ, ಮಣ್ಣಿನೊಡನೆ ಬದುಕಿ ಮಣ್ಣಿಗೆ ಸೇರಿದ ಹೆಂಗಸು. ಅವರು ಅವಳನ್ನು ಪುರಾಣದ ಸಾಲಿನಿಂದ ಇಳಿಸಿ ಗದ್ದೆಯ ಬದುವಿನ ಮೇಲೆ ನಿಲ್ಲಿಸಿದರು. ಹಾಗೆ ಇಳಿಸಿದ್ದರಿಂದ ಅವಳ ಘನತೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಎತ್ತರದಲ್ಲಿ ಕೂಡಿಸಿದ್ದನ್ನು ನೆಲಕ್ಕೆ ತಂದು ನೋಡುವ ಈ ಸ್ವಭಾವವನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮುಂದೆ ಅವರ ಎಲ್ಲ ಕೆಲಸಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಅವರು ಬೆಳೆದ ಶಿವಮೊಗ್ಗ ಜಿಲ್ಲೆ ಆಗ ಚಿಂತನೆಯಲ್ಲಿಯೂ ಚಳವಳಿಯಲ್ಲಿಯೂ ಎಚ್ಚರಗೊಂಡಿದ್ದ ಪ್ರದೇಶ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಅದರ ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಲಂಕೇಶರಿಗೆ ಆಗ ಹದಿನಾರು ವರ್ಷ. ಭೂಮಿ ಉಳುವವನಿಗೂ ಅಧಿಕಾರ ನಡೆಸುವವನಿಗೂ ನಡುವಣ ಸಂಬಂಧವೇ ರಾಜಕೀಯದ ತಿರುಳು ಎಂಬ ತಿಳಿವಳಿಕೆ ಆ ನೆಲದ ತರುಣರಿಗೆ ಗ್ರಂಥಗಳಿಗಿಂತ ಮೊದಲೇ ಒದಗಿದ್ದಿತು.

ಶಿವಮೊಗ್ಗದ ಓದು ಮುಗಿಸಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಪದವಿಯನ್ನೂ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ಎ. ಪದವಿಯನ್ನೂ ಪಡೆದರು. ತರುವಾಯ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಅಲ್ಲಿಂದ ಬೆಂಗಳೂರಿಗೆ ಬಂದು ನೆಲೆಸಿದರು. ಹಳ್ಳಿಯ ರೈತನ ಮಗ ಷೇಕ್ಸ್‌ಪಿಯರನನ್ನೂ ಗ್ರೀಕ್ ನಾಟಕಗಳನ್ನೂ ಪಾಠ ಹೇಳುವ ಮೇಷ್ಟ್ರಾದದ್ದು ಆ ತಲೆಮಾರಿನಲ್ಲಿ ತೀರ ಅಪರೂಪವೇನೂ ಅಲ್ಲ. ಆದರೆ ಇಂಗ್ಲಿಷನ್ನು ಹೊಟ್ಟೆಪಾಡಿಗೂ ಕನ್ನಡವನ್ನು ಬರೆವಣಿಗೆಗೂ ಮೀಸಲಿಟ್ಟು, ಎರಡನ್ನೂ ಒಂದರೊಳಗೊಂದು ಹರಿಯಗೊಟ್ಟವರು ಹೆಚ್ಚು ಮಂದಿಯಿಲ್ಲ.

ಸಾಹಿತ್ಯದ ಎರಡು ದಶಕಗಳು

1963ರಲ್ಲಿ ಲಂಕೇಶರ ಮೊದಲ ಕಥಾಸಂಕಲನ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಪ್ರಕಟವಾಯಿತು. ನವ್ಯ ಸಾಹಿತ್ಯ ಹುರುಪಿನಿಂದ ಬೆಳೆಯುತ್ತಿದ್ದ ಕಾಲ ಅದು. ಗೋಪಾಲಕೃಷ್ಣ ಅಡಿಗರ ಕಾವ್ಯ ತರುಣರನ್ನು ಸೆಳೆದಿದ್ದಿತು, ಯು.ಆರ್. ಅನಂತಮೂರ್ತಿ, ಪೂರ್ಣಚಂದ್ರ ತೇಜಸ್ವಿ ಮೊದಲಾದ ಸಮಕಾಲೀನರು ಕಥೆ ಕಾದಂಬರಿಗಳಲ್ಲಿ ಹೊಸ ದಾರಿ ತುಳಿಯುತ್ತಿದ್ದರು. ಲಂಕೇಶರು ಆ ಪಂಥಕ್ಕೆ ಸೇರಿಯೂ ಸೇರದವರಂತೆ ಬರೆದರು. ‘ಬಿರುಕು’ ಕಾದಂಬರಿಯಲ್ಲಿ ಪಟ್ಟಣದ ವಿದ್ಯಾವಂತನ ಒಳಗಿನ ಒಡಕು ಚಿತ್ರಿತವಾಯಿತು. ‘ಉಮಾಪತಿಯ ಸ್ಕಾಲರ್‌ಶಿಪ್ ಯಾತ್ರೆ’ಯ ಕಥೆಗಳಲ್ಲಿ ವಿದ್ಯೆಯ ಆಸೆ ಹೊತ್ತ ಹಳ್ಳಿಯ ಹುಡುಗನೂ ಅವನ ಎದುರಿಗೆ ನಿಲ್ಲುವ ಕಚೇರಿಯ ಜಗತ್ತೂ ಬಂದವು. ‘ಮುಸ್ಸಂಜೆಯ ಕಥಾಪ್ರಸಂಗ’ ಒಂದು ಇಡೀ ಹಳ್ಳಿಯನ್ನು, ಅದರ ಸಣ್ಣತನ ಮತ್ತು ಚೈತನ್ಯಗಳೊಡನೆ, ನಗುನಗುತ್ತಲೇ ತೆರೆದಿಟ್ಟಿತು. ಈ ನಗುವಿನಲ್ಲಿ ತಿರಸ್ಕಾರವಿಲ್ಲ. ತನ್ನವರನ್ನು ಬಲ್ಲವನ ಸಲಿಗೆಯಿದೆ.

ನಾಟಕಕ್ಕೆ ಬಂದರೆ ಅವರ ಮನಸ್ಸನ್ನು ಮತ್ತೆ ಮತ್ತೆ ಸೆಳೆದ ವಸ್ತು ಅಧಿಕಾರ. ‘ಸಂಕ್ರಾಂತಿ’ಯಲ್ಲಿ ಅವರು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಆರಿಸಿಕೊಂಡು ಬಸವಣ್ಣನನ್ನೂ ಬಿಜ್ಜಳನನ್ನೂ ಎದುರುಬದುರು ನಿಲ್ಲಿಸಿದರು, ಸಮಾಜವನ್ನು ತಿದ್ದ ಹೊರಟವನಿಗೂ ಅದನ್ನು ಆಳುವವನಿಗೂ ನಡುವೆ ಸಿಕ್ಕಿಬಿದ್ದ ಬಡವರ ಪಾಡೇನು ಎಂಬುದು ಆ ನಾಟಕದ ಪ್ರಶ್ನೆ. ಸೊಫೊಕ್ಲಿಸನ ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಅವರು ಕನ್ನಡಕ್ಕೆ ತಂದರು. ಊರಿಗೆ ಬಂದ ಕೇಡಿನ ಕಾರಣವನ್ನು ಹುಡುಕ ಹೊರಟ ದೊರೆ ಕಡೆಗೆ ಆ ಕಾರಣ ತಾನೇ ಎಂದು ಕಂಡುಕೊಳ್ಳುವ ಕಥೆಯೊಂದು. ದೊರೆಯ ಆಜ್ಞೆಗಿಂತ ದೊಡ್ಡದೊಂದು ಧರ್ಮವಿದೆಯೆಂದು ಒಬ್ಬ ಹುಡುಗಿ ಸಾವನ್ನು ಲೆಕ್ಕಿಸದೆ ನಿಲ್ಲುವ ಕಥೆ ಇನ್ನೊಂದು. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಈಡಿಪಸ್ಸನ್ನು ಆಡಿಸಿದ್ದು ಕನ್ನಡ ಹವ್ಯಾಸಿ ರಂಗಭೂಮಿಯ ಚರಿತ್ರೆಯಲ್ಲಿ ಒಂದು ತಿರುವು. ಬೊದಿಲೇರನ ಕವಿತೆಗಳನ್ನು ‘ಪಾಪದ ಹೂಗಳು’ ಎಂಬ ಹೆಸರಿನಲ್ಲಿ ಅನುವಾದಿಸಿದವರೂ ಇವರೇ. ಹೊಸ ಕವಿಗಳ ರಚನೆಗಳನ್ನು ಕೂಡಿಸಿ ‘ಅಕ್ಷರ ಹೊಸ ಕಾವ್ಯ’ ಎಂಬ ಸಂಕಲನವನ್ನು ಸಂಪಾದಿಸಿದವರೂ ಇವರೇ.

ಚಲನಚಿತ್ರ ಅವರ ಇನ್ನೊಂದು ಹುಚ್ಚು. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದ ‘ಸಂಸ್ಕಾರ’ದಲ್ಲಿ ಅಗ್ರಹಾರದ ಕಟ್ಟಳೆಗಳನ್ನು ಧಿಕ್ಕರಿಸಿ ಬಾಳುವ ನಾರಣಪ್ಪನ ಪಾತ್ರವನ್ನು ವಹಿಸಿದವರು ಲಂಕೇಶರು. ಆಮೇಲೆ ತಾವೇ ನಿರ್ದೇಶಕರಾದರು. ‘ಬಿರುಕು’ ಕಾದಂಬರಿಯನ್ನು ಆಧರಿಸಿದ ‘ಪಲ್ಲವಿ’ ಚಿತ್ರ ಅವರಿಗೆ 1976ನೆಯ ಸಾಲಿನ ಶ್ರೇಷ್ಠ ನಿರ್ದೇಶಕ ಎಂಬ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು. ‘ಅನುರೂಪ’, ‘ಖಂಡವಿದೆಕೋ ಮಾಂಸವಿದೆಕೋ’, ‘ಎಲ್ಲಿಂದಲೋ ಬಂದವರು’ ಅನಂತರದ ಚಿತ್ರಗಳು. ಪ್ರಶಸ್ತಿ ಬಂದಿತು, ಹೆಸರು ಬಂದಿತು, ಹಣ ಬರಲಿಲ್ಲ. ಅಷ್ಟರಲ್ಲಿ ಅವರು ಅಧ್ಯಾಪಕ ವೃತ್ತಿಯನ್ನೂ ಬಿಟ್ಟಿದ್ದರು. ನಲವತ್ತೈದರ ವಯಸ್ಸಿನಲ್ಲಿ, ಸಂಸಾರಸ್ಥನಾದ ಒಬ್ಬ ಲೇಖಕ ತಿಂಗಳ ಸಂಬಳದ ನೆರಳನ್ನು ತೊರೆದು ಒಂದು ವಾರಪತ್ರಿಕೆಯನ್ನು ಹೊರಡಿಸಿ ಅದರಿಂದಲೇ ಬದುಕುತ್ತೇನೆಂದು ಹೊರಟದ್ದು ಸಾಮಾನ್ಯ ಸಾಹಸವಲ್ಲ.

ಪತ್ರಿಕೆಯ ಹುಟ್ಟು

‘ಲಂಕೇಶ್ ಪತ್ರಿಕೆ’ಯ ಮೊದಲ ಸಂಚಿಕೆ 1980ರ ಜುಲೈ 6ರಂದು ಹೊರಬಂದಿತು. ಕಾಲ ಅದಕ್ಕಾಗಿಯೇ ಕಾದಿದ್ದಂತಿತ್ತು. ತುರ್ತುಪರಿಸ್ಥಿತಿಯ ನೆನಪು ಇನ್ನೂ ಹಸಿಯಾಗಿದ್ದಿತು. ಅದೇ ವರ್ಷದ ಜನವರಿಯಲ್ಲಿ ದೇವರಾಜ ಅರಸರು ಅಧಿಕಾರದಿಂದ ಇಳಿದು ಗುಂಡೂರಾಯರು ಮುಖ್ಯಮಂತ್ರಿಗಳಾಗಿದ್ದರು. ಪತ್ರಿಕೆ ಹುಟ್ಟಿ ಎರಡು ವಾರ ತುಂಬುವಷ್ಟರಲ್ಲಿ, ಜುಲೈ 21ರಂದು, ನರಗುಂದ ನವಲಗುಂದಗಳಲ್ಲಿ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರಾಯಿತು. ರಾಜ್ಯ ರೈತಸಂಘ ಹುಟ್ಟಿದ್ದು ಆ ವರ್ಷವೇ. ದಲಿತ ಸಂಘರ್ಷ ಸಮಿತಿ ಊರೂರುಗಳಲ್ಲಿ ಬೇರುಬಿಡುತ್ತಿದ್ದಿತು. 1979ರಲ್ಲಿ ಆರಂಭವಾದ ಬಂಡಾಯ ಸಾಹಿತ್ಯ ಸಂಘಟನೆ ಲೇಖಕರನ್ನು ಬೀದಿಗೆ ಕರೆಯುತ್ತಿದ್ದಿತು. ಇಷ್ಟೆಲ್ಲ ಜನ ಏಕಕಾಲದಲ್ಲಿ ಮಾತನಾಡಲು ಬಯಸಿದ್ದರು. ಅವರ ಮಾತಿಗೆ ಒಂದು ಜಾಗ ಬೇಕಾಗಿದ್ದಿತು.

ಕನ್ನಡದಲ್ಲಿ ವಾರಪತ್ರಿಕೆಗಳಿಗೆ ಆಗ ಕೊರತೆಯಿರಲಿಲ್ಲ. ‘ಕರ್ಮವೀರ’, ‘ಪ್ರಜಾಮತ’, ‘ಸುಧಾ’ಗಳು ಮನೆಮಂದಿಯೆಲ್ಲ ಓದುವ ಪತ್ರಿಕೆಗಳು. ಕಥೆ, ಧಾರಾವಾಹಿ, ಅಡುಗೆ, ವಾರಭವಿಷ್ಯ, ಚಿತ್ರರಂಗದ ಸುದ್ದಿ ಹೀಗೆ ಎಲ್ಲರಿಗೂ ಒಂದೊಂದು ತುತ್ತು ಕೊಡುವುದು ಅವುಗಳ ಕ್ರಮ. ಬಣ್ಣದ ಮುಖಪುಟ ಆ ಔತಣಕ್ಕೆ ಹಾಕಿದ ರಂಗೋಲಿ. ಲಂಕೇಶರು ಆ ದಾರಿ ಹಿಡಿಯಲಿಲ್ಲ. ಸುದ್ದಿಯೇ ಪ್ರಧಾನವಾದ, ಜಾಹೀರಾತನ್ನು ತೆಗೆದುಕೊಳ್ಳದ, ಓದುಗ ಕೊಡುವ ಕಾಸಿನಿಂದಲೇ ನಿಲ್ಲಬೇಕಾದ ಪತ್ರಿಕೆ ಅವರದು. ಜಾಹೀರಾತು ಬೇಡವೆಂಬ ನಿರ್ಧಾರ ಕೇವಲ ಹಟದ ಮಾತಲ್ಲ. ಸರ್ಕಾರದ ಜಾಹೀರಾತಿಗೆ ಕೈಯೊಡ್ಡಿದವನಿಗೆ ಸರ್ಕಾರದ ತಪ್ಪನ್ನು ಎತ್ತಿ ಹೇಳುವಾಗ ದನಿ ತಗ್ಗುತ್ತದೆ. ವ್ಯಾಪಾರಿಯ ಹಣ ಪಡೆದವನಿಗೆ ವ್ಯಾಪಾರಿಯ ಮುಲಾಜು ಬರುತ್ತದೆ. ಆ ಬಾಗಿಲನ್ನು ಮೊದಲ ದಿನವೇ ಮುಚ್ಚಿದ್ದರಿಂದ ಪತ್ರಿಕೆಗೆ ಉಳಿದ ಯಜಮಾನ ಒಬ್ಬನೇ, ಅಂಗಡಿಯಲ್ಲಿ ಕಾಸು ಕೊಟ್ಟು ಕೊಳ್ಳುವ ಓದುಗ. ಆ ಓದುಗನನ್ನು ನಿಲ್ಲಿಸಿ ಮಾತನಾಡಿಸಬೇಕಾದದ್ದು ಮುಖಪುಟ.

ಮುಖಪುಟ

ವಾರಪತ್ರಿಕೆಯ ಮುಖಪುಟಕ್ಕೆ ಜಗತ್ತಿನಲ್ಲಿ ಒಂದು ಚರಿತ್ರೆಯಿದೆ. 1923ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಟೈಮ್’ ವಾರಪತ್ರಿಕೆ ವಾರಕ್ಕೊಬ್ಬ ಪ್ರಮುಖನ ಮುಖವನ್ನು ಹೊದಿಕೆಯ ಮೇಲೆ ಮೂಡಿಸಿ, 1927ರಿಂದ ಆ ಮುಖಕ್ಕೆ ಕೆಂಪು ಚೌಕಟ್ಟನ್ನು ತೊಡಿಸಿತು. ಆ ಚೌಕಟ್ಟಿನೊಳಗೆ ಸೇರುವುದೇ ಒಂದು ಪದವಿಯೆಂದು ದೇಶಾಧ್ಯಕ್ಷರೂ ಸೇನಾಪತಿಗಳೂ ಎಣಿಸುವಂತಾಯಿತು. ಭಾರತದಲ್ಲಿ 1941ರಲ್ಲಿ ಮುಂಬಯಿಯಿಂದ ಹೊರಟ ‘ಬ್ಲಿಟ್ಜ್’, ದಪ್ಪ ಅಕ್ಷರದ ಶೀರ್ಷಿಕೆಗಳಿಂದ ಗುಟ್ಟು ಬಯಲು ಮಾಡುವ ಇನ್ನೊಂದು ಸಂಪ್ರದಾಯವನ್ನು ಹಾಕಿಕೊಟ್ಟಿತು. ಲಂಕೇಶರ ಮುಖಪುಟ ಎರಡನೆಯದಕ್ಕೆ ಹತ್ತಿರವೆನ್ನಬಹುದಾದರೂ ಅದರ ಬೇರು ಬೇರೊಂದು ಕಡೆ ಇದೆ. ಟೈಮ್ ಪತ್ರಿಕೆಯ ಚೌಕಟ್ಟು ಮನುಷ್ಯನನ್ನು ಪೀಠದ ಮೇಲೆ ಕೂಡಿಸಿದರೆ ಇವರ ಮುಖಪುಟ ಪೀಠದಿಂದ ಇಳಿಸಿತು; ಇಳಿಸಿ ಅರಳಿಕಟ್ಟೆಗೆ ತಂದಿತು.

ನಮ್ಮ ಹಳ್ಳಿಗಳಲ್ಲಿ ಅಡ್ಡಹೆಸರಿಲ್ಲದ ಮನುಷ್ಯನಿಲ್ಲ. ಶಾನುಭೋಗನಿಗೊಂದು, ಪಟೇಲನಿಗೊಂದು, ಊರಿನ ಸಾಹುಕಾರನಿಗೊಂದು ಹೆಸರು ಜನ ತಾವಾಗಿ ಇಟ್ಟಿರುತ್ತಾರೆ. ಎದುರಿಗೆ ಕೈಮುಗಿದು, ಬೆನ್ನ ಹಿಂದೆ ಆ ಹೆಸರಿನಿಂದ ಕರೆದು ನಗುವುದು ಬಲವಿಲ್ಲದವರಿಗೆ ಇರುವ ಒಂದೇ ಬಲ. ಕೊನಗವಳ್ಳಿಯ ಲಂಕೇಶರು ಆ ಪದ್ಧತಿಯನ್ನು ಅಚ್ಚಿನ ಮನೆಗೆ ತಂದರು. ಗುಂಡೂರಾಯರು ಪತ್ರಿಕೆಯಲ್ಲಿ ‘ಗುಂ’ ಆದರು. ಬಂಗಾರಪ್ಪನವರು ‘ಬಂ’ ಆದರು. ಒಂದೇ ಅಕ್ಷರಕ್ಕೆ ಇಳಿದ ಮುಖ್ಯಮಂತ್ರಿಯನ್ನು ಕಂಡು ಜನ ನಕ್ಕರು. ನಕ್ಕವರಿಗೆ ಭಯ ಕಡಿಮೆಯಾಯಿತು. ವಿಧಾನಸೌಧದ ಭಾಷೆಯಲ್ಲಿ ಮಾನ್ಯರೂ ಸನ್ಮಾನ್ಯರೂ ಆಗಿದ್ದವರನ್ನು ಮನೆಯ ಜಗುಲಿಯ ಮಾತಿನಲ್ಲಿ ವಿಚಾರಿಸಬಹುದೆಂಬುದು ಆ ಮುಖಪುಟಗಳು ಕಲಿಸಿದ ಮೊದಲ ಪಾಠ. ಪತ್ರಿಕೆಯ ಕನ್ನಡವೂ ಅಂಥದೇ. ಅನುವಾದದ ವಾಸನೆಯಿಲ್ಲದ, ಚಿಕ್ಕ ವಾಕ್ಯಗಳ, ಮೈಸೂರು ಸೀಮೆಯ ಆಡುಮಾತಿನ ಬನಿಯಿದ್ದ ಗದ್ಯ ಅದು. ಅದುವರೆಗೆ ಸುದ್ದಿಯೆಂದರೆ ಗಂಟುಮೋರೆಯ ಸಂಸ್ಕೃತಪದಗಳ ಸಾಲು ಎಂದು ತಿಳಿದಿದ್ದ ಓದುಗನಿಗೆ ತನ್ನ ನಾಲಗೆಯೇ ಪತ್ರಿಕೆಯಲ್ಲಿ ಅಚ್ಚಾದಂತೆ ಕಂಡಿತು.

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ಇರುವ ನಮಗೆ ಇದರ ಅರ್ಥ ಇನ್ನೂ ಚೆನ್ನಾಗಿ ಆಗುತ್ತದೆ. ದಂಡುಪ್ರದೇಶದ ಬೀದಿಗಳಲ್ಲಿ ಕನ್ನಡ ಹಲವು ಭಾಷೆಗಳಲ್ಲಿ ಒಂದು. ಶಿವಾಜಿನಗರದಲ್ಲಿ ಉರ್ದುವಿನ ‘ಸಾಲಾರ್’, ಹಲಸೂರಿನಲ್ಲಿ ತಮಿಳಿನ ‘ಕುಮುದಂ’, ‘ಆನಂದ ವಿಕಟನ್’, ಎಲ್ಲೆಲ್ಲೂ ಇಂಗ್ಲಿಷ್ ದಿನಪತ್ರಿಕೆಗಳು. ಈ ಲೇಖಕನ ಬಾಲ್ಯದ ಬಾಣಸವಾಡಿ, ಹಳ್ಳಿತನವನ್ನು ಪೂರ್ತಿ ಬಿಡದೆ ನಗರವನ್ನು ಪೂರ್ತಿ ಸೇರದೆ ಇದ್ದ ಊರು. ಬೀಡಿ ಅಂಗಡಿಯ ಮುಂದೆ ಕಟ್ಟಿದ ಹುರಿಯಲ್ಲಿ ಬಣ್ಣಬಣ್ಣದ ವಾರಪತ್ರಿಕೆಗಳ ನಡುವೆ ಒಂದು ಕಪ್ಪು ಬಿಳುಪಿನ ಹಾಳೆ ತೂಗುತ್ತಿದ್ದಿತು. ಕೊಳ್ಳುವವರು ಒಬ್ಬರಾದರೆ ಶಿವಾಜಿನಗರದ ಬಸ್ಸಿಗೆ ಕಾಯುತ್ತ ಅದರ ಮುಖಪುಟವನ್ನು ನಿಂತು ಓದುವವರು ಹತ್ತು ಜನ; ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಿದ್ದರು; ಮನೆಯಲ್ಲಿ ತೆಲುಗೋ ತಮಿಳೋ ಆಡುವವರು ಕೂಡ ಆ ಒಂದಕ್ಷರದ ಹೆಸರುಗಳನ್ನು ಬಲ್ಲರು. ಬಸ್ಸು ಬರುವಷ್ಟರಲ್ಲಿ ವಾರದ ರಾಜಕೀಯ ಚರ್ಚೆ ಮುಗಿದಿರುತ್ತಿತ್ತು. ಕನ್ನಡ ಕಲಿಸುವ ಶಾಲೆಗಳು ಮಾಡಲಾರದ ಒಂದು ಕೆಲಸವನ್ನು ಆ ಹುರಿಯ ಮೇಲಿನ ಹಾಳೆ ಮಾಡಿತು: ಸಾರ್ವಜನಿಕ ವಿಷಯವನ್ನು ಕನ್ನಡದಲ್ಲಿ ಮಾತನಾಡುವುದು ಈ ಭಾಗದವರಿಗೂ ಸಹಜವೆನಿಸುವಂತೆ ಮಾಡಿತು.

1983ರ ಜನವರಿಯ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ರೈತರ, ದಲಿತರ, ಕನ್ನಡದ ಚಳವಳಿಗಳು ಒಟ್ಟಾಗಿ ತಂದ ಆ ಬದಲಾವಣೆಗೆ ಮನಸ್ಸುಗಳನ್ನು ಹದಗೊಳಿಸಿದ್ದರಲ್ಲಿ ಲಂಕೇಶರ ಪತ್ರಿಕೆಗೂ ದೊಡ್ಡ ಪಾಲುಂಟೆಂದು ಅದರ ವಿರೋಧಿಗಳೂ ಒಪ್ಪುತ್ತಾರೆ. ಆದರೆ ಗೆದ್ದ ಪಕ್ಷದ ಪಲ್ಲಕ್ಕಿಗೆ ಪತ್ರಿಕೆ ಹೆಗಲು ಕೊಡಲಿಲ್ಲ. ರಾಮಕೃಷ್ಣ ಹೆಗಡೆಯವರ ನಯವಾದ ಮಾತಿನ ಆಡಳಿತವನ್ನೂ ಅದು ಅಷ್ಟೇ ಕಟುವಾಗಿ ಪರೀಕ್ಷಿಸಿತು. ತಮ್ಮ ಜಿಲ್ಲೆಯವರೇ ಆದ ಬಂಗಾರಪ್ಪನವರನ್ನೂ ಬಿಡಲಿಲ್ಲ. ಮಾನನಷ್ಟದ ಮೊಕದ್ದಮೆಗಳು ಬಂದವು. ಸಂಪಾದಕರು ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದರು. ಪೂರ್ಣಚಂದ್ರ ತೇಜಸ್ವಿ, ಕೆ. ರಾಮದಾಸ್ ಮೊದಲಾದ ಗೆಳೆಯರೊಡನೆ ಸೇರಿ ಕರ್ನಾಟಕ ಪ್ರಗತಿರಂಗ ಎಂಬ ರಾಜಕೀಯ ವೇದಿಕೆಯನ್ನು ಕಟ್ಟಲು ಹೊರಟದ್ದೂ ಉಂಟು. ಅದು ಬೇರೂರಲಿಲ್ಲ. ವಿರೋಧಿಸುವುದು ಅವರಿಗೆ ಸಹಜವಾಗಿತ್ತು, ಸಂಘಟಿಸುವುದು ಒಗ್ಗಲಿಲ್ಲ.

ಒಳಪುಟಗಳು

ಇಷ್ಟೇ ಆಗಿದ್ದರೆ ಲಂಕೇಶರು ಒಬ್ಬ ಸಮರ್ಥ ಪತ್ರಕರ್ತರೆನಿಸಿ ನಿಲ್ಲುತ್ತಿದ್ದರು. ಮುಖಪುಟ ಕರೆದು ತಂದ ಓದುಗನಿಗೆ ಒಳಗೆ ಅವರು ಏನನ್ನು ಬಡಿಸಿದರೆಂಬುದನ್ನು ನೋಡಬೇಕು. ‘ಟೀಕೆ ಟಿಪ್ಪಣಿ’ ಎಂಬ ಅಂಕಣದಲ್ಲಿ ಅವರು ವಾರವಾರವೂ ಬರೆದದ್ದು ಸಂಪಾದಕೀಯದ ಹೆಸರಿನ ಪ್ರಬಂಧಗಳನ್ನು. ಗಾಂಧಿ, ಲೋಹಿಯಾ, ಟಾಲ್‌ಸ್ಟಾಯ್, ಒಂದು ಮಳೆಗಾಲ, ತೀರಿಕೊಂಡ ಒಬ್ಬ ಗೆಳೆಯ, ಒಂದು ಕೋಮುಗಲಭೆ: ಎಲ್ಲವೂ ಅಲ್ಲಿ ಬಂದವು. ‘ನೀಲು’ ಎಂಬ ಕಲ್ಪಿತ ಹೆಣ್ಣಿನ ಹೆಸರಿನಲ್ಲಿ ನಾಲ್ಕಾರು ಸಾಲಿನ ಪುಟ್ಟ ಕವಿತೆಗಳು ಪ್ರಕಟವಾದವು. ಪ್ರೇಮ, ಕಾಮ, ಮುಪ್ಪು, ಸಾವುಗಳನ್ನು ಕುರಿತ ಆ ಹನಿಗಳು ಭ್ರಷ್ಟಾಚಾರದ ವರದಿಗಳ ಪಕ್ಕದಲ್ಲಿಯೇ ಇದ್ದವು. ಬಿ. ಚಂದ್ರೇಗೌಡರ ‘ಕಟ್ಟೆ ಪುರಾಣ’ ಹಳ್ಳಿಯ ಮಾತುಗಾರಿಕೆಯನ್ನೇ ರಾಜಕೀಯ ವಿಮರ್ಶೆಯಾಗಿ ಮಾಡಿತು. ತೇಜಸ್ವಿಯವರು ಬರೆದರು. ಜಿಲ್ಲೆ ತಾಲ್ಲೂಕುಗಳಿಂದ ಅದುವರೆಗೆ ಹೆಸರೇ ಕೇಳದವರು ವರದಿ ಕಳುಹಿಸಿದರು. ಅವರಲ್ಲಿ ಹಲವರು ಆಮೇಲೆ ಲೇಖಕರಾದರು.

ಪತ್ರಿಕೆ ತನ್ನ ಓದುಗರನ್ನು ಜಾಣರೆಂದೂ ಜಾಣೆಯರೆಂದೂ ಎರಡು ಲಿಂಗಗಳಲ್ಲಿ ಕರೆಯಿತು. ಇದು ಬರಿಯ ಚಮತ್ಕಾರವಾಗಿ ಉಳಿಯಲಿಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಸಂಸಾರ ನಡೆಸುತ್ತಿದ್ದ ಸಾರಾ ಅಬೂಬಕ್ಕರ್ ಅವರ ಬರೆಹ 1981ರಲ್ಲಿ ಈ ಪತ್ರಿಕೆಯಲ್ಲಿ ಬೆಳಕು ಕಂಡಿತು. ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಇಲ್ಲಿಯೇ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾಯಿತು. ತಲಾಖಿನ ಕಟ್ಟಳೆಗೆ ಸಿಕ್ಕಿ ನಲುಗಿದ ಒಬ್ಬ ಹೆಣ್ಣಿನ ಕಥೆಯನ್ನು ಅದೇ ಸಮಾಜದ ಹೆಣ್ಣೊಬ್ಬಳು ಕನ್ನಡದಲ್ಲಿ ಹೇಳಿದ್ದು ಅಂದಿಗೆ ಹೊಸದು. ಹಾಸನದ ಬಾನು ಮುಷ್ತಾಕ್ 1981ರಿಂದ ಸುಮಾರು ಹತ್ತು ವರ್ಷ ಇದೇ ಪತ್ರಿಕೆಯ ವರದಿಗಾರರಾಗಿದ್ದರು. ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಿಂದ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದವು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಒಂದು ವಾರಪತ್ರಿಕೆಯ ಪ್ರಭಾವವನ್ನು ಅಳೆಯುವವರು ಅದು ಉರುಳಿಸಿದ ಮಂತ್ರಿಗಳನ್ನು ಎಣಿಸುವುದು ವಾಡಿಕೆ. ಅದು ಯಾರ ಕೈಗೆ ಲೇಖನಿ ಕೊಟ್ಟಿತೆಂದು ಎಣಿಸುವುದು ಹೆಚ್ಚು ನ್ಯಾಯವಾದ ಅಳತೆ. ಮಂತ್ರಿಗಳ ಜಾಗಕ್ಕೆ ಬೇರೆ ಮಂತ್ರಿಗಳು ಬಂದರು; ಈ ಲೇಖಕಿಯರು ಬಾರದೆ ಹೋಗಿದ್ದರೆ ಅವರ ಜಾಗದಲ್ಲಿ ಮೌನವಿರುತ್ತಿತ್ತು.

ಸಂಪಾದಕರ ಸ್ವಂತ ಸಾಹಿತ್ಯವೂ ಪತ್ರಿಕೆಯ ದುಡಿಮೆಯಲ್ಲಿ ಬತ್ತಲಿಲ್ಲ. ಬೆಂಗಳೂರಿನ ಕೊಳೆಗೇರಿಯ ಹುಡುಗನೊಬ್ಬ ಹೇಳುವ ಕಥೆಯಾದ ‘ಅಕ್ಕ’ ಕಾದಂಬರಿ ಬಂದಿತು. ‘ಕಲ್ಲು ಕರಗುವ ಸಮಯ’ ಕಥಾಸಂಕಲನಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅದೇ ಕಾಲದ ‘ಗುಣಮುಖ’ ನಾಟಕದಲ್ಲಿ ದೆಹಲಿಯನ್ನು ಸೂರೆಗೊಂಡ ನಾದಿರ್ ಷಾ ರೋಗಿಯಾಗಿ ಮಲಗುತ್ತಾನೆ. ಹೊಗಳುವ ವೈದ್ಯರಿಂದ ಅವನ ರೋಗ ಹೆಚ್ಚುತ್ತದೆ; ನಿಜ ಹೇಳುವ ಹಕೀಮನಿಂದ ಗುಣವಾಗುತ್ತದೆ. ಪತ್ರಕರ್ತನ ಧರ್ಮವನ್ನು ಕುರಿತು ಲಂಕೇಶರು ಬೇರೆ ಗ್ರಂಥ ಬರೆಯಬೇಕಾಗಿರಲಿಲ್ಲ. ಆ ಹಕೀಮನಲ್ಲಿ ಎಲ್ಲವೂ ಇದೆ: ಧೈರ್ಯವಿದೆ, ಜೊತೆಗೆ ರೋಗಿ ಬದುಕಲಿ ಎಂಬ ಕಾಳಜಿಯೂ ಇದೆ.

ಕೊನೆಯ ವರ್ಷಗಳು

ಗುಣವನ್ನು ಹೇಳುವಾಗ ಕೊರತೆಯನ್ನು ಮುಚ್ಚಬೇಕಾಗಿಲ್ಲ. ಲಂಕೇಶರು ಮುಂಗೋಪಿಗಳು, ಗೆಳೆಯರೊಡನೆ ಮುನಿದು, ಮುನಿಸನ್ನು ಅಚ್ಚಿಗೂ ತರುತ್ತಿದ್ದರು. ಅನಂತಮೂರ್ತಿಯವರೊಡನೆ ಅವರ ಸ್ನೇಹ ಮತ್ತು ಜಗಳಗಳೆರಡೂ ಕನ್ನಡ ಸಾಹಿತ್ಯಲೋಕಕ್ಕೆ ಚಿರಪರಿಚಿತ. ವಿಡಂಬನೆ ಕೆಲವೊಮ್ಮೆ ವ್ಯಕ್ತಿಯ ನಡತೆಯನ್ನು ದಾಟಿ ವ್ಯಕ್ತಿಯನ್ನೇ ಇರಿದದ್ದುಂಟು. ಅಡ್ಡಹೆಸರಿಡುವ ಪದ್ಧತಿಗೆ ಸ್ವಭಾವತಃ ಇರುವ ಅಪಾಯ ಅದು: ಬಲಿಷ್ಠನ ಮೇಲೆ ಎಸೆದಾಗ ಅದು ನ್ಯಾಯದ ಕಲ್ಲು, ಗುರಿ ತಪ್ಪಿದರೆ ದಾರಿಹೋಕನಿಗೂ ತಗಲುವ ಕಲ್ಲು. ಲಂಕೇಶರಲ್ಲಿ ಇದನ್ನು ತಡೆದು ನಿಲ್ಲಿಸಿದ್ದು ಅವರೊಳಗಿನ ಕವಿ. ಇಂದು ಬೈದವನನ್ನು ಕುರಿತು ನ್ಯಾಯವಾಗಿ ಬರೆಯಲು ನಾಳೆ ಅವರು ಹಿಂಜರಿಯುತ್ತಿರಲಿಲ್ಲ.

ಅವರ ಯಶಸ್ಸನ್ನು ಕಂಡು ಕನ್ನಡದಲ್ಲಿ ಅದೇ ಅಳತೆಯ, ಅದೇ ಕಪ್ಪು ಬಿಳುಪಿನ ವಾರಪತ್ರಿಕೆಗಳು ಹಲವು ಹುಟ್ಟಿದವು. 1995ರಲ್ಲಿ ರವಿ ಬೆಳಗೆರೆಯವರು ಹೊರಡಿಸಿದ ‘ಹಾಯ್ ಬೆಂಗಳೂರ್!’ ಅವುಗಳಲ್ಲಿ ಬಹಳ ಪ್ರಸಾರ ಪಡೆದದ್ದು. ಅಪರಾಧಲೋಕದ ಕಥನವನ್ನು ಅದು ತನ್ನದೇ ಆದ ಶೈಲಿಯಲ್ಲಿ ಜನಪ್ರಿಯಗೊಳಿಸಿತು. ತಾಲ್ಲೂಕು ತಾಲ್ಲೂಕಿಗೂ ಹಬ್ಬಿದ ಉಳಿದ ಅನೇಕ ಪತ್ರಿಕೆಗಳು ಲಂಕೇಶರಿಂದ ಮುಖಪುಟವನ್ನು ಮಾತ್ರ ಎತ್ತಿಕೊಂಡವು. ಕೆಣಕುವ ಶೀರ್ಷಿಕೆ, ತಿರುಚಿದ ಹೆಸರು, ಒರಟು ಚಿತ್ರ ಇವು ಸುಲಭವಾಗಿ ಸಿಕ್ಕವು. ಸೊಫೊಕ್ಲಿಸನನ್ನು ಅನುವಾದಿಸಿದ ಕೈಯ ಹಿಡಿತ ಸಿಕ್ಕಲಿಲ್ಲ. ಸಾರಾ ಅಬೂಬಕ್ಕರರನ್ನು ಗುರುತಿಸಿದ ಕಣ್ಣು ಸಿಕ್ಕಲಿಲ್ಲ. ಜಾಹೀರಾತನ್ನು ಬೇಡವೆಂದ ಛಲವೂ ಎಲ್ಲರಿಗೆ ಬರಲಿಲ್ಲ. ಬಯ್ಗುಳವೇ ಧೈರ್ಯವೆಂದು ಭ್ರಮಿಸುವ ಒಂದು ರುಚಿ ಬೆಳೆಯಿತು. ಅಚ್ಚಿನ ಹುರಿಯಿಂದ ಕೈಯೊಳಗಿನ ತೆರೆಗೆ ಸುದ್ದಿ ಬಂದಿರುವ ಈ ದಿನಗಳಲ್ಲಿ, ಎಲ್ಲರೂ ಎಲ್ಲರಿಗೂ ಅಡ್ಡಹೆಸರಿಡುತ್ತಿರುವಾಗ, ಆ ರುಚಿಯ ಫಲವನ್ನು ನಾವು ದಿನವೂ ಕಾಣುತ್ತಿದ್ದೇವೆ. ಅದರ ಹೊಣೆಯನ್ನೆಲ್ಲ ಲಂಕೇಶರ ತಲೆಗೆ ಕಟ್ಟುವುದು ಸಲ್ಲದು.

1997ರಲ್ಲಿ ಅವರ ಆತ್ಮಕಥನ ‘ಹುಳಿಮಾವಿನ ಮರ’ ಹೊರಬಂದಿತು. ಹೆಸರಿನಲ್ಲಿಯೇ ತನ್ನನ್ನು ಸಿಹಿಯೆಂದು ಹೇಳಿಕೊಳ್ಳದ ಸಂಕೋಚವಿದೆ. 2000ದ ಜನವರಿ 25ರಂದು, ಅರವತ್ತೈದು ತುಂಬುವ ಮೊದಲೇ, ಲಂಕೇಶರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹಿರಿಯ ಮಗಳು ಗೌರಿ, ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ ಹೆಸರು ಮಾಡಿದ್ದವರು, ಕನ್ನಡಕ್ಕೆ ಬಂದು ಸಂಪಾದಕತ್ವವನ್ನು ವಹಿಸಿಕೊಂಡರು. 2005ರಲ್ಲಿ ತಮ್ಮದೇ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದರು. ತಂದೆಯಂತೆ ಅವರೂ ಜಾಹೀರಾತಿಲ್ಲದ ವಾರಪತ್ರಿಕೆಯನ್ನು ನಡೆಸಿ, ತಮಗೆ ಅನ್ಯಾಯವೆಂದು ಕಂಡದ್ದನ್ನು ಅಂಜದೆ ಬರೆದರು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿನಗರದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ತಂದೆಯ ಕಾಲದಲ್ಲಿ ಪತ್ರಿಕೆಯ ಮೇಲೆ ಸಿಟ್ಟಾದವರು ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಮಗಳ ಕಾಲಕ್ಕೆ ಬಂದೂಕು ಬಂದಿತು. ಮಾತಿಗೆ ಮಾತಿನಿಂದ ಉತ್ತರ ಕೊಡುವ ಒಂದು ನಾಗರಿಕ ಒಪ್ಪಂದ ಈ ಮೂವತ್ತೇಳು ವರ್ಷಗಳಲ್ಲಿ ಎಷ್ಟು ಸವೆದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಲಂಕೇಶರ ಜೀವನವನ್ನು ಒಟ್ಟಾರೆ ನೋಡಿದಾಗ ಕವಿ ಬೇರೆ, ಪತ್ರಕರ್ತ ಬೇರೆ ಎಂದು ಗೆರೆ ಎಳೆಯಲು ಬರುವುದಿಲ್ಲ. ತಾಯಿಯನ್ನು ಪೂಜೆಯ ಪೀಠದಿಂದ ನೆಲಕ್ಕೆ ಇಳಿಸಿ ಪ್ರೀತಿಸಿದ ಮನಸ್ಸೇ ಮಂತ್ರಿಯನ್ನು ಅಧಿಕಾರದ ಪೀಠದಿಂದ ಇಳಿಸಿ ಪ್ರಶ್ನಿಸಿತು. ಎರಡು ಕಡೆಯೂ ಕೆಲಸ ಮಾಡಿದ್ದು ಒಂದೇ ನಂಬಿಕೆ: ಮನುಷ್ಯನನ್ನು ಮನುಷ್ಯನ ಎತ್ತರದಲ್ಲಿ ನೋಡಬೇಕು. ಈ ನಂಬಿಕೆಯಿಲ್ಲದ ಕೈಗೆ ಅವರ ಮುಖಪುಟ ಬರಿಯ ಚಾಟಿ. ಇದ್ದವರ ಕೈಯಲ್ಲಿ ಅದು ಕನ್ನಡಿ. ಅವರ ಹೆಸರನ್ನು ಪತ್ರಿಕೆಯಿಂದ ಬಲ್ಲ ತರುಣ ಓದುಗರು ಇನ್ನೊಂದು ಹೆಜ್ಜೆ ಮುಂದಿಟ್ಟು ‘ಅವ್ವ’ನನ್ನೂ ‘ಸಂಕ್ರಾಂತಿ’ಯನ್ನೂ ‘ಟೀಕೆ ಟಿಪ್ಪಣಿ’ಯ ಸಂಪುಟಗಳನ್ನೂ ಓದಬೇಕು. ಹುರಿಯ ಮೇಲೆ ತೂಗುತ್ತಿದ್ದ ಹಾಳೆಗಳು ಎಂದೋ ಹರಿದುಹೋದವು. ಅವನ್ನು ಬರೆಯಿಸಿದ ಶಕ್ತಿ ಪುಸ್ತಕಗಳಲ್ಲಿ ಇನ್ನೂ ಓದುಗರಿಗಾಗಿ ಕಾದಿದೆ.